ಒಂದು ಗಿಡ, ಒಂದು ರೋಗ, ಒಂದು ಹಾಳೆ

ಅಭ್ಯಾಸ ಬೋಧನೆಯ ಕಡತಗಳಲ್ಲಿ ಪರಿಸರದ ಕರಪತ್ರಗಳಿಗೆ ಬರವಿಲ್ಲ. ಮುಖಪುಟದಲ್ಲಿ ದಟ್ಟ ಕಾಡಿನ ಚಿತ್ರ, ಒಳಗೆ ಅಂತರ್ಜಾಲದಿಂದ ಇಳಿಸಿಕೊಂಡ ನಾಲ್ಕು ಪ್ಯಾರಾ, ಕೊನೆಗೆ ‘ಕಾಡು ಬೆಳೆಸಿ, ನಾಡು ಉಳಿಸಿ’ ಎಂಬ ಘೋಷಣೆ. ಅಕ್ಷರ ಅಂದವಾಗಿರುತ್ತದೆ, ಬಣ್ಣ ಚೆನ್ನಾಗಿರುತ್ತದೆ, ಅಂಕವೂ ಸಿಗುತ್ತದೆ. ಆದರೆ ಅದನ್ನು ಓದಿದ ಮಗುವಾಗಲಿ ಅದರ ತಂದೆ ತಾಯಿಯಾಗಲಿ ತಮ್ಮ ಮನೆ ಮುಂದಿನ ಗಿಡಕ್ಕೆ ಏನಾಗಿದೆ ಎಂದು ಹೇಳಬಲ್ಲರೇ? ಈ ಪ್ರಶ್ನೆಯನ್ನು ಕರಪತ್ರ ಬರೆದವರೂ ಕೇಳಿಕೊಂಡಿರುವುದಿಲ್ಲ, ಅಂಕ ಕೊಟ್ಟವರೂ ಕೇಳಿರುವುದಿಲ್ಲ.

ಮರಗಳಿಗೆ ಬರುವ ಕೀಟ ಮತ್ತು ರೋಗಗಳ ಬಗ್ಗೆ ಕರಪತ್ರ ತಯಾರಿಸುವುದು ಅಭ್ಯಾಸ ಬೋಧನೆಗೆ ಬಹಳ ಒಳ್ಳೆಯ ಕೆಲಸ. ಆದರೆ ಅದಕ್ಕೆ ಕೆಲವು ಕಟ್ಟುಪಾಡು ಬೇಕು. ಒಂದು ಹಾಳೆಗೆ ಒಂದೇ ಗಿಡ, ಒಂದೇ ತೊಂದರೆ ಇರಬೇಕು. ಮಕ್ಕಳು ಕಣ್ಣಾರೆ ಕಂಡದ್ದು ಅದರಲ್ಲಿರಬೇಕು. ತಿಳಿದವರು ಒಮ್ಮೆ ಓದಿ ಒಪ್ಪುವ ತನಕ ಅಚ್ಚಿಗೆ ಹೋಗಬಾರದು. ಬರೆದವರ ಹೆಸರು, ಊರು, ತಿಂಗಳು, ವರ್ಷ ಇರಬೇಕು. ಇಷ್ಟು ಸಾಧ್ಯವಾಗದಿದ್ದರೆ ಅಚ್ಚು ಹಾಕಿಸದೆ ಇರುವುದೇ ಲೇಸು.

ನರಗುಂದ ತಾಲ್ಲೂಕಿನ ಚಿಕ್ಕನರಗುಂದವನ್ನೇ ತೆಗೆದುಕೊಳ್ಳೋಣ. ಎರೆ ಭೂಮಿಯ ಬಯಲು ಸೀಮೆ ಇದು. ನಮ್ಮ ಗದಗ ಜಿಲ್ಲೆಯಲ್ಲಿ ಅರಣ್ಯ ಎಂದರೆ ಎಲ್ಲರ ನೆನಪಿಗೆ ಬರುವುದು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ ಕಪ್ಪತಗುಡ್ಡ. ಚಿಕ್ಕನರಗುಂದದ ಮಗುವಿಗೆ ಅದು ದೂರದ ಮಾತು. ಅದಕ್ಕೆ ದಿನಾ ಕಾಣುವ ಕಾಡೆಂದರೆ ಬೇವು, ರಸ್ತೆ ಬದಿಯ ಹುಣಸೆ, ಬದುವಿನ ಜಾಲಿ, ದಸರೆಯಲ್ಲಿ ಪೂಜೆಗೊಳ್ಳುವ ಬನ್ನಿ. ಇಂಥ ಊರಿಗೆ ಹೋದ ಪ್ರಶಿಕ್ಷಣಾರ್ಥಿ ಸಾಲ್ ಮರದ ಕಾಂಡಕೊರಕದ ಬಗ್ಗೆ ಕರಪತ್ರ ಹಂಚಿದರೆ ಅದು ಸುಳ್ಳಾಗುವುದಿಲ್ಲ, ಆದರೆ ಯಾರ ಉಪಯೋಗಕ್ಕೂ ಬರುವುದಿಲ್ಲ. ಗಿಡ ವಿರಳವಾಗಿರುವ ಸೀಮೆಯಲ್ಲಿ ಒಂದು ಬೇವು ಹೋದರೆ ಒಂದು ಕಟ್ಟೆಯ ನೆರಳೇ ಹೋದಂತೆ. ಆದ್ದರಿಂದ ಬೇವಿನಿಂದಲೇ ಶುರು ಮಾಡಬಹುದು.

ಬೇವಿಗೆ ರೋಗವೇ ಬರುವುದಿಲ್ಲ ಎಂದು ನಂಬಿದವರು ಬಹಳ. ಕಾಳಿಗೆ ಹುಳ ಬೀಳದಂತೆ ಬೇವಿನ ಸೊಪ್ಪು ಹಾಕಿಡುವ ಜನ ನಾವು. ಆದರೆ ಬೇವಿಗೂ ತುದಿಯಿಂದ ಒಣಗುವ ರೋಗವಿದೆ. ಇದಕ್ಕೆ ಕಾರಣವಾದ ಶಿಲೀಂಧ್ರವನ್ನು ಮೈಸೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು 1997ರಲ್ಲಿ ಫೋಮೋಪ್ಸಿಸ್ ಅಜಾಡಿರಾಕ್ಟೆ ಎಂದು ಹೆಸರಿಸಿ ವಿವರಿಸಿದರು. ಟೊಂಗೆಗಳ ತುದಿ ಮೊದಲು ಒಣಗುತ್ತದೆ, ಎಲೆ ಸುಟ್ಟಂತಾಗುತ್ತದೆ, ಹೂಗೊಂಚಲು ಕರಗುತ್ತದೆ, ಕಾಯಿ ಕೊಳೆಯುತ್ತದೆ. ಮಳೆ ಶುರುವಾದ ಮೇಲೆ ರೋಗ ಜೋರಾಗುತ್ತದೆ. ಎಳೆಯ ಕುಡಿಯ ರಸ ಹೀರುವ ಒಂದು ತಿಗಣೆಯೂ ಇದೇ ರೀತಿ ತುದಿ ಒಣಗಿಸುತ್ತದೆ, ಅದು ಮಾಡಿದ ಗಾಯದಲ್ಲಿ ಶಿಲೀಂಧ್ರಕ್ಕೆ ದಾರಿಯಾಗುತ್ತದೆ. ಗೋಡಂಬಿ ಬೆಳೆಗಾರರು ಇದನ್ನು ಚಹಾ ಸೊಳ್ಳೆ ಎನ್ನುತ್ತಾರೆ. ಹೆಸರಿನಲ್ಲಿ ಸೊಳ್ಳೆ ಇದ್ದರೂ ಇದು ಸೊಳ್ಳೆಯಲ್ಲ. 2021ರಲ್ಲಿ ತೆಲಂಗಾಣದಲ್ಲಿ ಬೇವಿನ ಗಿಡಗಳು ದೊಡ್ಡ ಪ್ರಮಾಣದಲ್ಲಿ ಹೀಗೆ ಒಣಗಿದಾಗ ಜನ ಗಾಬರಿಯಾದರು.

ಇಲ್ಲಿ ಮುಖ್ಯ ಸಂಗತಿ ಒಂದಿದೆ. ತುದಿ ಒಣಗಿದ ಬೇವು ಸತ್ತ ಬೇವಲ್ಲ. ಎಷ್ಟೋ ಗಿಡಗಳು ಮತ್ತೆ ಚಿಗುರುತ್ತವೆ. ಆದರೆ ನೋಡಿದವರಿಗೆ ಇಡೀ ಗಿಡ ಸುಟ್ಟಂತೆ ಕಾಣುವುದರಿಂದ ಕೊಡಲಿ ಬೇಗ ಬರುತ್ತದೆ. ಇನ್ನೊಂದು ಕಡೆ, ಬೇಸಿಗೆಯ ಆರಂಭದಲ್ಲಿ ಬೇವು ಸಹಜವಾಗಿ ಎಲೆ ಉದುರಿಸುವುದನ್ನೇ ರೋಗವೆಂದು ತಿಳಿಯುವವರೂ ಇದ್ದಾರೆ. ಕರಪತ್ರಕ್ಕೆ ಇಲ್ಲಿ ನಿಜವಾದ ಕೆಲಸವಿದೆ. ಅದರ ಮೊದಲ ಸಾಲುಗಳು ಹೀಗಿರಬಹುದು:

“ಬೇವಿನ ಗಿಡ ಒಣಗಿದಂತೆ ಕಂಡರೆ ಕೂಡಲೇ ಕಡಿಯಬೇಡಿ. ತುದಿ ಮಾತ್ರ ಒಣಗಿದೆಯೋ, ದಪ್ಪ ಟೊಂಗೆಯೂ ಒಣಗಿದೆಯೋ ನೋಡಿ. ತೊಗಟೆಯನ್ನು ಉಗುರಿನಿಂದ ಸ್ವಲ್ಪ ಗೀರಿ. ಒಳಗೆ ಹಸಿರಿದ್ದರೆ ಆ ಟೊಂಗೆಗೆ ಜೀವವಿದೆ. ಕೈಗೆಟಕುವ ಒಣ ತುದಿಗಳನ್ನು ಕತ್ತರಿಸಿ ಸುಟ್ಟುಬಿಡಿ. ಹೊಸ ಚಿಗುರಿಗಾಗಿ ಕಾಯಿರಿ.”

ಇದರಲ್ಲಿ ಘೋಷಣೆ ಇಲ್ಲ, ಲ್ಯಾಟಿನ್ ಹೆಸರೂ ಇಲ್ಲ. ಏನು ಮಾಡಬಾರದು ಎಂಬುದು ಮೊದಲು ಬಂದಿದೆ, ಏನು ನೋಡಬೇಕು ಎಂಬುದು ಆಮೇಲೆ. ರೋಗದ ಕಾರಣ, ಅದು ಹರಡುವ ಬಗೆ ಮುಂದಿನ ಪ್ಯಾರಾದಲ್ಲಿ ಬರಲಿ.

ಭಾಷೆಯ ವಿಷಯದಲ್ಲಿಯೂ ಎಚ್ಚರ ಬೇಕು. ಪಠ್ಯಪುಸ್ತಕದ ‘ಮರ’ ನಮ್ಮ ಕಡೆ ಮಾತಿನಲ್ಲಿ ‘ಗಿಡ’. ‘ಕೊಂಬೆ’ಗೆ ‘ಟೊಂಗಿ’, ‘ಮರಿಹುಳು’ವಿಗೆ ‘ಕೀಡಿ’ ಎನ್ನುತ್ತಾರೆ. ಮಕ್ಕಳು ಮನೆಯ ಹಿರಿಯರನ್ನು ಕೇಳಿ ಬರಲಿ: ಹೀಗೆ ಒಣಗುವುದಕ್ಕೆ ನೀವು ಏನೆನ್ನುತ್ತೀರಿ? ಯಾವ ತಿಂಗಳಲ್ಲಿ ಹೆಚ್ಚು? ಮೊದಲೂ ಹೀಗಾಗಿತ್ತೇ? ಆಗ ಏನು ಮಾಡಿದಿರಿ? ಇದು ಬರಿಯ ಪದಸಂಗ್ರಹವಲ್ಲ. ಹತ್ತಿ, ಮೆಣಸಿನಕಾಯಿ, ಗೊಂಜಾಳ ಬೆಳೆದು ಕೀಡೆ ರೋಗಗಳೊಡನೆ ಜೀವಮಾನವಿಡೀ ಹೋರಾಡಿದ ರೈತರಿಗೆ ನೋಡುವ ಕಣ್ಣು ನಮಗಿಂತ ಚುರುಕು.

ಜನರ ತಿಳಿವಳಿಕೆಯೂ ಪ್ರಯೋಗಾಲಯದ ತಿಳಿವಳಿಕೆಯೂ ಒಂದಕ್ಕೊಂದು ಪೂರಕವಾದ ಉದಾಹರಣೆ ನಮ್ಮ ನಾಡಿನಲ್ಲೇ ಇದೆ. ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಹೆದರಿ, ಮಳೆ ತಾಗದಂತೆ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಆ ರೋಗದ ಕಾರಣವನ್ನು ಅಧ್ಯಯನ ಮಾಡಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ತೋಟಗಳಿಗೆ ತಲುಪಿಸಿದರು. ಇಂದು ‘ಬೋರ್ಡೋ’ ಎಂಬುದು ಅಡಿಕೆ ಸೀಮೆಯ ಮನೆಮಾತು. ಮಳೆಗೂ ರೋಗಕ್ಕೂ ಇರುವ ನಂಟನ್ನು ರೈತರು ಕಂಡಿದ್ದರು, ಅದರ ಹಿಂದಿನ ಕಾರಣವನ್ನು ವಿಜ್ಞಾನಿ ತೋರಿಸಿದರು. ನಮ್ಮ ಒಂದು ಹಾಳೆಯಲ್ಲಿ ಇವೆರಡಕ್ಕೂ ಜಾಗವಿರಬೇಕು.

ದಿನಾಂಕ ಏಕೆ ಬೇಕು ಎಂಬುದಕ್ಕೆ ಶ್ರೀಗಂಧದ ಉದಾಹರಣೆ ಸಾಕು. ಗಂಧದ ಮರದ ಸ್ಪೈಕ್ ರೋಗ ಮೊದಲು ವರದಿಯಾದದ್ದು 1899ರಲ್ಲಿ, ಕೊಡಗಿನಿಂದ. ದಶಕಗಳ ಕಾಲ ಅದಕ್ಕೆ ವೈರಸ್ ಕಾರಣವೆಂದು ನಂಬಲಾಗಿತ್ತು. 1969ರಲ್ಲಿ ಮೈಕೋಪ್ಲಾಸ್ಮಾದಂಥ ಜೀವಿ ಕಂಡುಬಂತು, ಈಗ ಅದನ್ನು ಫೈಟೋಪ್ಲಾಸ್ಮಾ ಎನ್ನುತ್ತಾರೆ. 1960ರ ಒಂದು ಕರಪತ್ರ ದಿನಾಂಕವಿಲ್ಲದೆ ಇಂದು ಮಗುವಿನ ಕೈಗೆ ಸಿಕ್ಕರೆ ಅದು ತಪ್ಪು ಪಾಠ ಹೇಳುತ್ತದೆ. ಅಮೆರಿಕದ ಅರಣ್ಯ ಸೇವೆ ದಶಕಗಳಿಂದ ಹೊರತರುತ್ತಿರುವ ಅರಣ್ಯ ಕೀಟ ಮತ್ತು ರೋಗಗಳ ಕರಪತ್ರ ಮಾಲೆಯಲ್ಲಿ ಸಾಮಾನ್ಯವಾಗಿ ಒಂದೊಂದು ಕೀಟಕ್ಕೆ ಅಥವಾ ರೋಗಕ್ಕೆ ಒಂದೊಂದು ಸಂಖ್ಯೆ ಇರುತ್ತದೆ, ತಿಳಿವಳಿಕೆ ಬದಲಾದಾಗ ಕರಪತ್ರವನ್ನು ಪರಿಷ್ಕರಿಸುತ್ತಾರೆ. ನಮ್ಮ ಕಾಲೇಜೂ ಹೀಗೆ ಸಂಖ್ಯೆ ಹಾಕಿಟ್ಟರೆ, ಈ ವರ್ಷದವರು ಬರೆದದ್ದನ್ನು ಮುಂದಿನ ತಂಡದವರು ತಿದ್ದಿ ಬೆಳೆಸಬಹುದು. ಈಗ ಪ್ರತಿ ತಂಡವೂ ಮೊದಲಿನಿಂದ ಶುರು ಮಾಡುತ್ತದೆ, ವರ್ಷದ ಕೊನೆಗೆ ಎಲ್ಲವೂ ರದ್ದಿಗೆ ಹೋಗುತ್ತದೆ.

ಒಂದು ವಿಷಯದಲ್ಲಿ ನಾವು ಕಟ್ಟುನಿಟ್ಟಾಗಿರಬೇಕು. ಪ್ರಶಿಕ್ಷಣಾರ್ಥಿಗಳ ಕರಪತ್ರದಲ್ಲಿ ಔಷಧದ ಹೆಸರು, ಪ್ರಮಾಣ ಇರಕೂಡದು. ಇಷ್ಟು ಲೀಟರಿಗೆ ಇಷ್ಟು ಗ್ರಾಂ ಎಂದು ಬರೆಯಲು ಕೈ ತುರಿಸುತ್ತದೆ, ಓದುವವರೂ ಅದನ್ನೇ ಕೇಳುತ್ತಾರೆ. ಆದರೆ ಒಂದು ಸೊನ್ನೆ ಹೆಚ್ಚಾದರೆ ಹೊಣೆ ಯಾರದು? ಎತ್ತರದ ಗಿಡಕ್ಕೆ ಕೆಳಗೆ ನಿಂತು ಸಿಂಪಡಿಸಿದ ವಿಷ ಸಿಂಪಡಿಸುವವನ ಮೈ ಮೇಲೆಯೇ ಬೀಳುತ್ತದೆ. ಶಾಲೆಯ ಅಂಗಳದ ಗಿಡದ ಕೆಳಗೆ ಮಕ್ಕಳು ಕೂತು ಉಣ್ಣುತ್ತಾರೆ. ‘ಔಷಧದ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ’ ಎಂಬ ಒಂದು ಸಾಲು ಸಾಕು.

ಹಾಳೆಯನ್ನು ಓದಿ ತಿದ್ದಿಕೊಡಲು ತಜ್ಞರು ಎಲ್ಲಿ ಎನ್ನಬಹುದು. ನಮ್ಮ ಜಿಲ್ಲೆಯ ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಅದರ ಅರಣ್ಯ ಮಹಾವಿದ್ಯಾಲಯ ಶಿರಸಿಯಲ್ಲಿದೆ. ಒಣಗಿದ ತುದಿಯ, ಎಲೆಯ, ಇಡೀ ಗಿಡದ ಮೂರು ಸ್ಪಷ್ಟ ಫೋಟೋ ಮತ್ತು ಒಂದು ಪುಟದ ಬರಹ ಕಳಿಸಿ ಅಭಿಪ್ರಾಯ ಕೇಳುವುದನ್ನು ಪ್ರಶಿಕ್ಷಣಾರ್ಥಿ ಕಲಿಯಬೇಕು. ‘ಇದು ಆ ರೋಗವಲ್ಲ, ನೀರಿನ ಕೊರತೆ’ ಎಂಬ ಉತ್ತರ ಬಂದರೆ ಅದೂ ಪಾಠವೇ. ಆಗ ಹಾಳೆಯ ವಿಷಯ ಬದಲಾಗುತ್ತದೆ, ಮಕ್ಕಳ ಅವಲೋಕನ ವ್ಯರ್ಥವಾಗುವುದಿಲ್ಲ.

ಇದಕ್ಕೆಲ್ಲ ಸಮಯವೆಲ್ಲಿದೆ, ಪಾಠ ಮುಗಿಸಬೇಡವೇ ಎಂದು ಮಾರ್ಗದರ್ಶಕ ಶಿಕ್ಷಕರು ಕೇಳುವುದು ನ್ಯಾಯ. ಆದರೆ ಇದು ಪಾಠದ ಹೊರಗಿನ ಕೆಲಸವಲ್ಲ. 8ನೇ ತರಗತಿಯ ವಿಜ್ಞಾನದಲ್ಲಿ ಸೂಕ್ಷ್ಮಜೀವಿಗಳ ಪಾಠವಿದೆ. ಅಲ್ಲಿ ಸಸ್ಯರೋಗಗಳಿಗೆ ನಿಂಬೆಯ ಕ್ಯಾಂಕರ್, ಗೋಧಿಯ ತುಕ್ಕು ರೋಗ, ಬೆಂಡೆಯ ಹಳದಿ ನಾಳದ ರೋಗ ಉದಾಹರಣೆಗಳಾಗಿವೆ. ಆ ಪಟ್ಟಿಗೆ ಊರಿನ ಬೇವನ್ನು ಸೇರಿಸಿದರೆ ಪಾಠ ಅಂಗಳಕ್ಕೆ ಬರುತ್ತದೆ. ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದು ಇದನ್ನೇ. ನಾಲ್ಕು ಅವಧಿ ಸಾಕು: ಒಂದರಲ್ಲಿ ಗಿಡ ನೋಡಿ ಟಿಪ್ಪಣಿ ಮಾಡುವುದು, ಒಂದರಲ್ಲಿ ಹಿರಿಯರು ಹೇಳಿದ್ದನ್ನು ಹಂಚಿಕೊಳ್ಳುವುದು, ಒಂದರಲ್ಲಿ ಬರೆಯುವುದು. ತಜ್ಞರ ಅಭಿಪ್ರಾಯ ಬಂದ ಮೇಲೆ ನಾಲ್ಕನೆಯದರಲ್ಲಿ ತಿದ್ದುವುದು. ಕನ್ನಡ ಬೋಧನೆಯ ಪ್ರಶಿಕ್ಷಣಾರ್ಥಿ ಜೊತೆಗೂಡಿದರೆ ವಾಕ್ಯರಚನೆಯ ಪಾಠವೂ ಆಯಿತು.

ಕೊನೆಯ ಮಾತು ನಮ್ಮಂಥ ಶಿಕ್ಷಕ ಶಿಕ್ಷಣದವರಿಗೆ. ನಾವು ಬಣ್ಣಕ್ಕೆ ಅಂಕ ಕೊಡುವವರೆಗೆ ಬಣ್ಣವೇ ಬರುತ್ತದೆ. ಕರಪತ್ರಕ್ಕೆ 20 ಅಂಕಗಳಿದ್ದರೆ ಮಕ್ಕಳ ಅವಲೋಕನಕ್ಕೆ 6, ತಜ್ಞರಿಂದ ಪರಿಶೀಲನೆಗೆ 6, ಊರವರಿಗೆ ಅರ್ಥವಾಗುವ ಭಾಷೆಗೆ 4, ಹಂಚಿದ ಮೇಲೆ ಹೋಗಿ ಕೇಳಿ ಬರೆದ ವರದಿಗೆ 4 ಇರಲಿ ಎಂಬುದು ನನ್ನ ಸಲಹೆ. ಅಂದಕ್ಕೆ ಬೇರೆ ಅಂಕ ಬೇಡ. ಐವತ್ತು ಪ್ರತಿ ಕಪ್ಪು ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿದರೂ ಸಾಕು. ಒಂದನ್ನು ಶಾಲೆಯ ಫಲಕಕ್ಕೆ, ಒಂದನ್ನು ಗ್ರಾಮ ಪಂಚಾಯತಿಗೆ, ಒಂದನ್ನು ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಸಿ, ಉಳಿದವನ್ನು ಮಕ್ಕಳ ಕೈಯಲ್ಲಿ ಮನೆಗಳಿಗೆ ಕಳಿಸಬಹುದು. ಬೇವಿನ ರೋಗ ಎದ್ದು ಕಾಣುವುದು ಮಳೆಗಾಲದಲ್ಲಿ ಮತ್ತು ಅದರ ನಂತರ. ಮುಂದಿನ ತಂಡ ಅಭ್ಯಾಸ ಬೋಧನೆಗೆ ಹೊರಡುವ ಮುನ್ನ ಈ ಅಂಕಪಟ್ಟಿಯನ್ನು ವಿಭಾಗದ ಸಭೆಯಲ್ಲಿ ಚರ್ಚೆಗೆ ಇಡೋಣ.