ಒಳ್ಳೆಯ ಪೈಪು ಯಾರಿಗೆ ಒಳ್ಳೆಯದು?

ಸಿಗರೇಟು ಸೇದುವವನನ್ನು ಕಂಡು ಮೂಗು ಮುರಿಯುವ ಹುಡುಗರೂ ಪೈಪು ಹಿಡಿದವನನ್ನು ಕಂಡರೆ ಒಂದು ಗಳಿಗೆ ನಿಂತು ನೋಡುತ್ತಾರೆ. ಬೀಡಿ ಎಂದರೆ ಬಡತನ, ಸಿಗರೇಟು ಎಂದರೆ ಚಟ, ಪೈಪು ಎಂದರೆ ಮಾತ್ರ ಅದೇನೋ ಚಿಂತಕರ ಲಕ್ಷಣ! ಷರ್ಲಾಕ್ ಹೋಮ್ಸ್, ಐನ್‌ಸ್ಟೀನ್, ಹಳೆಯ ಸಿನಿಮಾಗಳಲ್ಲಿ ಗೌನು ತೊಟ್ಟು ಮಹಡಿ ಮೆಟ್ಟಿಲು ಇಳಿದು ಬರುವ ಶ್ರೀಮಂತ ಅಪ್ಪ, ಇವರೆಲ್ಲ ಸೇರಿ ಅದಕ್ಕೆ ಈ ಮರ್ಯಾದೆ ತಂದುಕೊಟ್ಟಿದ್ದಾರೆ. ಬೆಂಗಳೂರಿನ ಪಿ.ಜಿ.ಯೊಂದರಲ್ಲಿ ಇದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಗೆಳೆಯನೊಬ್ಬ ಮೊನ್ನೆ ನನಗೆ ಮೆಸೇಜು ಮಾಡಿದ: ‘ಹೊಸಬರಿಗೆ ಒಳ್ಳೆ ಕ್ವಾಲಿಟಿ ಪೈಪು ಯಾವುದು ಗುರು? ನಿಮ್ಮದು ಹೊಗೆಸೊಪ್ಪಿನ ಸೀಮೆ ಅಲ್ವಾ, ಗೊತ್ತಿರುತ್ತೆ.’

ನಮ್ಮದು ಹುಣಸೂರು ಕಡೆ, ನಿಜ. ಆದರೆ ಹೊಗೆಸೊಪ್ಪು ಬೆಳೆಯುವವರಿಗೆ ಪೈಪಿನ ಸುದ್ದಿ ಗೊತ್ತಿರುತ್ತದೆ ಅನ್ನುವುದು, ಕಾಫಿ ತೋಟದ ಆಳಿಗೆ ಕ್ಯಾಪುಚಿನೋ ಮಾಡಲು ಬರುತ್ತದೆ ಅಂದ ಹಾಗೆ. ಕುತೂಹಲ ತಡೆಯದೆ ಹುಡುಕಿ ಓದಿದೆ. ಓದುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಪೈಪಿನ ಗುಣಮಟ್ಟ ಎಂಬುದು ಸುಳ್ಳಲ್ಲ, ಅದು ನಿಜವಾಗಿಯೂ ಇದೆ. ಆದರೆ ಆ ಗುಣಮಟ್ಟ ನಾವು ಅಂದುಕೊಂಡ ಕೆಲಸ ಮಾಡುವುದಿಲ್ಲ.

ಮೊದಲು ಮರದ ವಿಷಯ. ಒಳಗೆ ಕೆಂಡ ಇಟ್ಟುಕೊಂಡು ಹೊರಗೆ ಕೈಯಲ್ಲಿ ಹಿಡಿಯುವಷ್ಟು ಮಾತ್ರ ಬಿಸಿಯಾಗುವ ಮರ ಬೇಕಲ್ಲ? ಅಂಥದ್ದು ಬ್ರಯರ್. ಮೆಡಿಟರೇನಿಯನ್ ತೀರದಲ್ಲಿ ಬೆಳೆಯುವ ‘ಎರಿಕಾ ಆರ್ಬೋರಿಯಾ’ ಎಂಬ ಪೊದೆಗಿಡದ ಬುಡದಲ್ಲಿ, ಕಾಂಡಕ್ಕೂ ಬೇರಿಗೂ ನಡುವೆ, ನೆಲದೊಳಗೆ ಒಂದು ಗಂಟು ಕಟ್ಟುತ್ತದೆ. ಅದನ್ನು ಅಗೆದು ತೆಗೆದು, ತುಂಡು ಮಾಡಿ, ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ ಒಗರು ತೆಗೆದು, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಫ್ರಾನ್ಸಿನ ಜೂರಾ ಬೆಟ್ಟಗಳ ನಡುವಿನ ಸಾಂ ಕ್ಲೋದ್ ಎಂಬ ಊರಿನವರು ಮೊದಲಿನಿಂದಲೂ ಮರ ಕಡೆಯುವವರು. 19ನೇ ಶತಮಾನದ ನಡುಭಾಗದಲ್ಲಿ ಈ ಗಂಟು ಅವರ ಕೈಗೆ ಸಿಕ್ಕ ಮೇಲೆ ಊರೇ ಪೈಪಿನ ಊರಾಯಿತು. ಟರ್ಕಿಯ ಎಸ್ಕಿಶೆಹಿರ್ ಸುತ್ತಮುತ್ತ ನೆಲದಿಂದ ತೆಗೆಯುವ ಮೀರ್‌ಶಾಮ್ ಎಂಬ ಬಿಳಿ ಮೆದುಕಲ್ಲಿನ ಪೈಪು ಇನ್ನೊಂದು ಬಗೆ. ಅದು ಸೇದುತ್ತ ಸೇದುತ್ತ ಹಳದಿ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. (ಬಣ್ಣ ಬದಲಾಗುವುದು ಕಲ್ಲಿನದ್ದು ಮಾತ್ರವೇ ಎಂದು ಕೇಳಬೇಕೆನ್ನಿಸುತ್ತದೆ.) ಅಮೆರಿಕದ ಮಿಸ್ಸೌರಿಯಲ್ಲಿ 1869ರಿಂದ ಮೆಕ್ಕೆಜೋಳದ ಬೆಂಡಿನಲ್ಲಿ ಪೈಪು ಮಾಡುತ್ತಿದ್ದಾರೆ. ಎರಡನೇ ಮಹಾಯುದ್ಧದ ಫೋಟೊಗಳಲ್ಲಿ ಜನರಲ್ ಡಗ್ಲಸ್ ಮ್ಯಾಕ್‌ಆರ್ಥರ್ ಬಾಯಲ್ಲಿ ಕಾಣುವುದು ಈ ಬೆಂಡಿನ ಪೈಪೇ. ಎಲ್ಲಕ್ಕಿಂತ ಅಗ್ಗದ್ದು ಅದು. ತಮಾಷೆಯೆಂದರೆ, ಹೊಸಬರು ಅದರಿಂದಲೇ ಶುರು ಮಾಡಲಿ ಎಂದು ಬಲ್ಲವರೇ ಹೇಳುತ್ತಾರೆ.

ಕೊಳ್ಳುವಾಗ ನೋಡಬೇಕಾದ್ದೂ ಇದೆ. ಬಾಯಿಗಿಡುವ ತುದಿಯಿಂದ ಪೈಪ್ ಕ್ಲೀನರನ್ನು, ಅಂದರೆ ನೂಲು ಸುತ್ತಿದ ತೆಳು ತಂತಿಯನ್ನು, ತೂರಿಸಿದರೆ ಅದು ಎಲ್ಲೂ ಸಿಕ್ಕಿಕೊಳ್ಳದೆ ಬಟ್ಟಲಿನೊಳಗೆ ಬರಬೇಕು. ಹೊಗೆಯ ತೂತು ಬಟ್ಟಲಿನ ತಳದಲ್ಲೇ, ನಟ್ಟನಡುವೆ ತೆರೆದಿರಬೇಕು. ಮೇಲಿದ್ದರೆ ತಳದ ಸೊಪ್ಪು ಉರಿಯದೆ ಒದ್ದೆಯಾಗಿ ಉಳಿಯುತ್ತದೆ. ಬಟ್ಟಲಿನ ಗೋಡೆ ತೆಳ್ಳಗಿದ್ದರೆ ಕೈ ಸುಡುತ್ತದೆ. ಫಳಫಳ ಹೊಳೆಯುವ ದಪ್ಪ ವಾರ್ನಿಷು ಕಂಡರೆ ದೂರವಿರಿ, ಬಿಸಿಗೆ ಅದು ಗುಳ್ಳೆ ಏಳುತ್ತದೆ. ಮರದ ಹುಳುಕು, ಸಣ್ಣ ಗುಳಿಗಳನ್ನು ಪುಟ್ಟಿ ಹಾಕಿ ಮುಚ್ಚಿ ಬಣ್ಣ ಬಳಿದಿರುವುದೂ ಉಂಟು. ಉಗುರಿನಿಂದ ಸವರಿದರೆ ತಿಳಿಯುತ್ತದೆ. ನುಣ್ಣನೆಯ ಪೈಪಿಗಿಂತ ಮರಳೂದಿ ಒರಟು ಮಾಡಿದ ಪೈಪಿಗೆ ಬೆಲೆ ಕಡಿಮೆ, ಕೆಲಸದಲ್ಲಿ ವ್ಯತ್ಯಾಸವಿಲ್ಲ. ಹೆಚ್ಚಿನ ದುಡ್ಡು ಹೋಗುವುದು ಮರದ ಗೆರೆಗಳ ಅಂದಕ್ಕೆ, ತಯಾರಕರ ಹೆಸರಿಗೆ.

ಇಷ್ಟು ಓದಿದವರಿಗೆ ‘ಸರಿ, ಹಾಗಾದರೆ ಇಂಥದ್ದೊಂದು ತಗೊಳ್ಳೋಣ’ ಅನ್ನಿಸಬಹುದು. ನನಗೂ ಮರ ನೋಡಿದರೆ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಈ ಗುಣಗಳನ್ನೆಲ್ಲ ಒಮ್ಮೆ ಸಾಲಾಗಿಟ್ಟು ನೋಡಿ. ಕೈ ಸುಡಬಾರದು, ನಾಲಿಗೆ ಉರಿಯಬಾರದು, ಕಹಿ ನೀರು ಬಾಯಿಗೆ ಬರಬಾರದು, ಹೊಗೆ ತಣ್ಣಗೆ, ಹಿತವಾಗಿ ಬರಬೇಕು. ಒಂದಾದರೂ ಸೇದುವವನ ಆರೋಗ್ಯಕ್ಕೆ ಸಂಬಂಧಿಸಿದ್ದೇ? ಮೊದಲ ಸಲ ಸೇದಿದವನಿಗೆ ಕೆಮ್ಮು ಬರುವುದು, ನಾಲಿಗೆ ಉರಿಯುವುದು, ತಲೆ ಸುತ್ತುವುದು ದೇಹ ‘ಬೇಡ’ ಅನ್ನುವ ರೀತಿ. ಒಳ್ಳೆಯ ಪೈಪಿನ ಜಾಣತನವೆಲ್ಲ ಆ ‘ಬೇಡ’ವನ್ನು ಆದಷ್ಟು ಬೇಗ ಸುಮ್ಮನಾಗಿಸುವುದಕ್ಕೆ ಖರ್ಚಾಗಿದೆ. ‘ಹೊಸಬರ ಪೈಪು’ ಎಂಬ ಮಾತನ್ನೇ ನೋಡಿ. ಮುಂದೆ ಹಳಬನಾಗುತ್ತೀಯ ಎಂಬ ಭರವಸೆ ಅದರೊಳಗೆ ಇದ್ದೇ ಇದೆ. ಮಾರುವವರಿಗೆ ಒಂದು ಪೈಪು ಒಂದು ಸಲದ ವ್ಯಾಪಾರ, ಡಬ್ಬಿಯೊಳಗಿನ ಸೊಪ್ಪು ಮಾತ್ರ ಮತ್ತೆ ಮತ್ತೆ ಆಗುವ ವ್ಯಾಪಾರ.

‘ಪೈಪಿನ ಹೊಗೆಯನ್ನು ಒಳಗೆ ಎಳೆಯುವುದಿಲ್ಲ, ಬಾಯಲ್ಲಿ ಆಡಿಸಿ ಬಿಡುತ್ತಾರೆ, ಹಾಗಾಗಿ ತೊಂದರೆಯಿಲ್ಲ’ ಎಂಬ ವಾದ ನನ್ನ ಗೆಳೆಯನ ಬಳಿಯೂ ಸಿದ್ಧವಾಗಿತ್ತು. ಅರ್ಧ ನಿಜವಿರುವುದರಿಂದಲೇ ಈ ಮಾತು ಅಪಾಯಕಾರಿ. ಒಳಗೆಳೆಯದವನ ಶ್ವಾಸಕೋಶಕ್ಕೆ ಸಿಗರೇಟಿನವನಷ್ಟು ಹೊಗೆ ಹೋಗುವುದಿಲ್ಲ, ಒಪ್ಪೋಣ. ಆದರೆ ಪೈಪಿನ ಹೊಗೆ ಸಾಮಾನ್ಯವಾಗಿ ಸಿಗರೇಟಿನ ಹೊಗೆಗಿಂತ ಹೆಚ್ಚು ಕ್ಷಾರೀಯ. ಅದರ ನಿಕೋಟಿನ್ ರಕ್ತ ಸೇರಲು ಶ್ವಾಸಕೋಶದವರೆಗೆ ಹೋಗಬೇಕಾಗಿಯೇ ಇಲ್ಲ, ಬಾಯಿಯ ಒಳಪದರವೇ ಹೀರಿಕೊಳ್ಳುತ್ತದೆ. ಚಟ ಅಂಟುವುದಕ್ಕೆ ಅಷ್ಟು ಸಾಕು. ಅತ್ತ ತುಟಿ, ನಾಲಿಗೆ, ಗಂಟಲುಗಳು ಆ ಹೊಗೆಯಲ್ಲೇ ಗಂಟೆಗಟ್ಟಲೆ ಕೂತಿರುತ್ತವೆ. ಪೈಪಿಗೂ ತುಟಿಯ ಕ್ಯಾನ್ಸರಿಗೂ ಇರುವ ನಂಟನ್ನು ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಥಾಮಸ್ ಸೋಮರಿಂಗ್ 1795ರಲ್ಲೇ ಬರೆದಿಟ್ಟ. ಅಮೆರಿಕದ ಸರ್ಜನ್ ಜನರಲ್ 1964ರಲ್ಲಿ ಹೊರಡಿಸಿದ, ಸಿಗರೇಟಿನ ವಿಷಯದಲ್ಲಿ ಜಗತ್ತಿನ ಕಣ್ಣು ತೆರೆಸಿದ ವರದಿ ಕೂಡ ಪೈಪು ತುಟಿಯ ಕ್ಯಾನ್ಸರಿಗೆ ಕಾರಣ ಎಂದೇ ಹೇಳಿತು. ಬಾಯಿಯ ಕ್ಯಾನ್ಸರ್ ಏನೆಂದು ತಿಳಿಯಲು ನಮಗೆ ಅಮೆರಿಕದ ವರದಿ ಬೇಕಿಲ್ಲ ಅನ್ನಿ. ಗುಟ್ಕಾ, ಕಡ್ಡಿಪುಡಿ ಜಗಿದು ಬಾಯಿ ತೆರೆಯಲಾಗದ ಒಬ್ಬರಾದರೂ ನಮ್ಮ ಊರುಗಳಲ್ಲಿ ಕಾಣಸಿಗುತ್ತಾರೆ.

ಡಬ್ಬಿಯ ಮೇಲೆ ‘ವರ್ಜೀನಿಯಾ’ ಎಂದು ಚಿನ್ನದ ಅಕ್ಷರದಲ್ಲಿ ಇರುತ್ತದಲ್ಲ, ಅದರ ಬಗ್ಗೆಯೂ ಸ್ವಲ್ಪ ಹೇಳಬೇಕು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಬೆಳೆಯುವುದು ಅದೇ ಜಾತಿಯ ಸೊಪ್ಪು. ಮಳೆಗಾಲದಲ್ಲಿ ಒದ್ದೆ ಎಲೆ ಮುರಿದು ಹೊತ್ತು ತರುವಾಗ ಕೈಗೆ ಕಪ್ಪಗೆ ಅಂಟು ಮೆತ್ತಿಕೊಳ್ಳುತ್ತದೆ. ಎಷ್ಟು ಸೋಪು ಹಾಕಿ ತೊಳೆದರೂ ಆ ದಿನ ಉಣ್ಣುವ ಮುದ್ದೆ ಕಹಿ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿದು ವಾಂತಿ, ತಲೆಸುತ್ತು ಬರುವುದುಂಟು. ಒಂದು ದಮ್ಮೂ ಎಳೆಯದ ಹೆಂಗಸರಿಗೂ ಬರುತ್ತದೆ. ಆಮೇಲೆ ಎಲೆಗಳನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿ, ರಾತ್ರಿಯೆಲ್ಲ ಎದ್ದು ಸೌದೆ ಉರಿ ನೋಡಿಕೊಂಡು, ದಿನಗಟ್ಟಲೆ ಬೇಯಿಸಿ ಹದಕ್ಕೆ ತರಬೇಕು. ಎಲೆಯ ಬಣ್ಣ ಸ್ವಲ್ಪ ಕಪ್ಪಾದರೂ ಹರಾಜು ಮಾರುಕಟ್ಟೆಯಲ್ಲಿ ದರ ಇಳಿಯುತ್ತದೆ. ಬೆಳೆಯುವವರನ್ನು ದೂರುವ ಮಾತಲ್ಲ ಇದು. ಮಳೆಯನ್ನೇ ನಂಬಿದ ಹೊಲದಲ್ಲಿ ಇಷ್ಟು ನಗದು ಕೊಡುವ ಬೇರೆ ಬೆಳೆ ತೋರಿಸಿ ಎಂದು ನಮ್ಮ ದೊಡ್ಡಪ್ಪ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಆದರೆ ‘ಧ್ಯಾನದ ಹಾಗೆ, ನಿಧಾನವಾಗಿ ಸವಿಯುವ ಕಲೆ’ ಎಂದು ಪೈಪನ್ನು ಹೊಗಳುವುದನ್ನು ಓದುವಾಗ ನನಗೆ ಆ ಕಹಿ ಮುದ್ದೆ ನೆನಪಾಗುತ್ತದೆ.

ಇನ್ನು ಆ ಚಿಂತಕರ ಗತ್ತು. ಕಾನನ್ ಡಾಯ್ಲ್ ಕಥೆಗಳಲ್ಲಿ ಹೋಮ್ಸ್ ಸೇದುವುದು ಮಣ್ಣಿನ, ಬ್ರಯರಿನ, ಚೆರ್ರಿ ಮರದ ಪೈಪುಗಳನ್ನು. ನಮಗೆ ಪರಿಚಿತವಾದ ಬಾಗಿದ ಪೈಪು ನಾಟಕದ ರಂಗದಿಂದ, ವಿಲಿಯಂ ಜಿಲೆಟ್‌ನಂಥ ನಟರಿಂದ ಬಂದದ್ದು. ಅಂದರೆ ಅದು ಶುರುವಿನಿಂದಲೂ ವೇಷಭೂಷಣದ ಸಾಮಾನು! ಐನ್‌ಸ್ಟೀನರ ಪೈಪೊಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಜನ ಅದನ್ನು ಆಸಕ್ತಿಯಿಂದ ನೋಡುವುದು 1905ರ ಆ ಪ್ರಬಂಧಗಳಿಂದಾಗಿಯೇ ಹೊರತು ಪೈಪಿನಿಂದಾಗಿ ಪ್ರಬಂಧಗಳಲ್ಲ. ಕೆಲಸ ಸಿಗದೆ ಮೂರನೇ ಸಲ ಪರೀಕ್ಷೆ ಬರೆಯುತ್ತಿರುವ ಹುಡುಗನಿಗೆ ‘ನಾನೂ ಏನೋ ಒಬ್ಬ’ ಅನ್ನಿಸಿಕೊಳ್ಳುವ ಹಸಿವು ಇರುತ್ತದೆ. ಆ ಹಸಿವನ್ನು ನಾನು ಗೇಲಿ ಮಾಡಲಾರೆ, ನನಗೂ ಅದು ಇದೆ. ಅದಕ್ಕೆ ಬೆಲೆಪಟ್ಟಿ ಅಂಟಿಸಿ ಮಾರುವವರ ಮೇಲೆ ನನ್ನ ಸಿಟ್ಟು.

ಕಾನೂನಿನ ಮಾತೂ ಇದೆ. ಕರ್ನಾಟಕದಲ್ಲಿ ಈಗ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿಗೆ ಏರಿದೆ. ಪದವಿ ಓದುತ್ತಿರುವ ಬಹುತೇಕರು ಈ ವಯಸ್ಸಿನೊಳಗೇ ಬರುತ್ತಾರೆ. ಕಾನೂನು ಡಬ್ಬಿಯನ್ನು ತಡೆಯುತ್ತದೆ. ಖಾಲಿ ಪೈಪು ಮರದ ಸಾಮಾನಾದ್ದರಿಂದ ಯಾರೂ ತಡೆಯುವುದಿಲ್ಲ. ಬಾಗಿಲು ತೆರೆಯುವುದು ಅದೇ.

ಆದ್ದರಿಂದ ಗೆಳೆಯನಿಗೆ ಕಳಿಸಿದ ಉತ್ತರವನ್ನೇ ಇಲ್ಲಿಯೂ ಬರೆಯುತ್ತೇನೆ. ಮರ ಇಷ್ಟವಾದರೆ ಮರ ಕೊಳ್ಳಿ. ಚನ್ನಪಟ್ಟಣ ಬೆಂಗಳೂರಿನಿಂದ ಹೆಚ್ಚು ದೂರವಿಲ್ಲ. ಹಾಲೆಮರದ ತುಂಡು ಲೇತಿನ ಮೇಲೆ ತಿರುಗುತ್ತ, ಅರಗಿನ ಬಣ್ಣ ಹಿಡಿಯುವುದನ್ನು ನಿಂತು ನೋಡಿ. ಸಾಂ ಕ್ಲೋದಿನ ಕಸುಬಿಗೆ ಅದೇನೂ ಕಡಿಮೆಯಲ್ಲ. ಇಲ್ಲ, ಪೈಪೇ ಬೇಕು, ಮೇಜಿನ ಮೇಲಿಟ್ಟುಕೊಳ್ಳುತ್ತೇನೆ ಎನ್ನುವಿರಾದರೆ ನನ್ನ ತಕರಾರಿಲ್ಲ. ತೂತು ನಟ್ಟನಡುವೆ ಇದೆಯೇ ನೋಡಿ, ಪುಟ್ಟಿ ಮೆತ್ತಿದ್ದಾರೆಯೇ ಉಗುರಿನಿಂದ ಸವರಿ, ವಾರ್ನಿಷು ಬೇಡ ಅನ್ನಿ. ಅಂಗಡಿಯವನು ‘ಜತೆಗೆ ಇದನ್ನೂ ನೋಡಿ ಸಾರ್, ಹೊಸಬರಿಗೆ ತುಂಬಾ ಮೈಲ್ಡು’ ಎಂದು ಡಬ್ಬಿಯನ್ನು ಮುಂದಿಡುತ್ತಾನೆ. ಅದನ್ನು ಹಿಂದಕ್ಕೆ ತಳ್ಳಿ, ಪೈಪಿಗೆ ಮಾತ್ರ ಬಿಲ್ ಹಾಕಿಸಿ.