ತರಗೆಲೆ ಇನ್ನೂ ಗೊಬ್ಬರವಲ್ಲ

ಮರದಿಂದ ಉದುರಿದ್ದೆಲ್ಲ ಹೊಲಕ್ಕೆ ಗೊಬ್ಬರ, ಎಲೆಯನ್ನು ಬಿದ್ದಲ್ಲೇ ಬಿಡಿ ಎನ್ನುವ ಮಾತು ಕೃಷಿ ಅರಣ್ಯದ ಒಲವಿರುವವರಲ್ಲಿ ಸಾಮಾನ್ಯ. ಬದುವಿನ ಮರಗಳು ನನಗೂ ಇಷ್ಟ. ಆದರೂ ಈ ಮಾತನ್ನು ಪೂರ್ತಿ ಒಪ್ಪಲಾರೆ.

ರಾಗಿ ಬಿತ್ತಿದ ವಾರಕ್ಕೆ ಬದುವಿನ ಹಲಸಿನ ಮರದಡಿ ಕುಕ್ಕುರುಗಾಲಿನಲ್ಲಿ ಕೂತು ನೋಡಿ. ಮಳೆಗೆ ನೆಂದು ನೆಲಕ್ಕಂಟಿದ ಒಂದು ಎಲೆ ಎತ್ತಿದರೆ, ಅಡಿಯಲ್ಲಿ ಬಿಳಿಚಿಕೊಂಡು ಬಾಗಿದ ಎಳೆಗಳು. ಬೀಜ ಮೊಳೆತಿದೆ, ಬೆಳಕು ಸಿಕ್ಕಿಲ್ಲ. ಸಾವಿರ ರಾಗಿ ಕಾಳು ಸೇರಿದರೂ ಮೂರು ಗ್ರಾಂ ಆಚೀಚೆ ತೂಗುತ್ತವೆ. ಅಷ್ಟು ಪುಟ್ಟ ಬುತ್ತಿಯೊಂದಿಗೆ ಹೊರಟ ಮೊಳಕೆ ಎಲೆಯನ್ನು ಸರಿಸುವ ಮೊದಲೇ ಸೋತುಹೋಗುತ್ತದೆ.

ಹಿರಿಯರು ಎಲೆ ಹಾಕುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಹಾಕುತ್ತಿದ್ದರು. ಆದರೆ ಮಲೆನಾಡಿನ ದರಗು ಬಹುಮಟ್ಟಿಗೆ ಮೊದಲು ಕೊಟ್ಟಿಗೆಗೆ ಹೋಗುತ್ತಿತ್ತು. ದನದ ಕಾಲಡಿ ಸಗಣಿ, ಗಂಜಲ ಹೀರಿ, ಗೊಬ್ಬರಗುಂಡಿಯಲ್ಲಿ ಕೊಳೆತ ಮೇಲೆ ಗದ್ದೆಗೆ ಬರುತ್ತಿತ್ತು. ಅಡಿಕೆಯ ಬುಡಕ್ಕೆ ಸೊಪ್ಪನ್ನು ನೇರವಾಗಿ ಹಾಸಿದ್ದೂ ಉಂಟು, ನಿಜ. ಅದು ಬೇರೂರಿದ ಮರ, ನಾಲ್ಕು ದಿನದ ಮೊಳಕೆಯಲ್ಲ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಹಸಿ ಮಣ್ಣಿಗೆ ಅದನ್ನು ಸೇರಿಸಿದರೆ ಕೊಳೆಸುವ ಸೂಕ್ಷ್ಮಜೀವಿಗಳು ಕೊರತೆಯ ಸಾರಜನಕವನ್ನು ಮಣ್ಣಿನಿಂದಲೇ ಎತ್ತಿಕೊಳ್ಳುತ್ತವೆ, ಪೈರು ಹಳದಿಯಾಗುತ್ತದೆ. ಆ ಕೊರತೆಯನ್ನು ಗಂಜಲ ಮೊದಲೇ ತುಂಬಿಕೊಡುತ್ತಿತ್ತು. ಗೊಬ್ಬರದ ಗಿಡದ (ಗ್ಲಿರಿಸೀಡಿಯಾ) ಹಸಿ ಸೊಪ್ಪಿಗೆ ಈ ತೊಡಕು ಅಷ್ಟಿಲ್ಲ, ಅಕೇಶಿಯಾದ ದಪ್ಪ ಎಲೆಗೆ ತಿಂಗಳುಗಟ್ಟಲೆ ಇರುತ್ತದೆ.

ಹಾಗಾದರೆ ನೀಲಗಿರಿ ಎಲೆಯೇ ವಿಷ ಎನ್ನುವವರು ಸರಿಯೇ? ಅಲ್ಲೂ ನನಗೆ ಅನುಮಾನವಿದೆ. ಎಲೆಯ ರಸದಲ್ಲಿ ನೆನೆಸಿದ ಕಾಗದದ ಮೇಲೆ ಬೀಜವಿಟ್ಟರೆ ಮೊಳಕೆ ಕುಗ್ಗುವುದು ಹೌದು. ಆದರೆ ಹೊಲ ಕಾಗದವಲ್ಲ. ಅಲ್ಲಿ ಮಳೆ ಆ ರಸವನ್ನು ತೆಳುವಾಗಿಸುತ್ತದೆ, ಮಣ್ಣು ಹಿಡಿದಿಡುತ್ತದೆ, ಜೀವಾಣುಗಳು ಒಡೆಯುತ್ತವೆ. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದಾಗಲೂ ಮುಖ್ಯ ಚಿಂತೆ ಅಂತರ್ಜಲದ್ದಾಗಿತ್ತು. ಒಂದೇ ಸಾಲಿನ ಮರಗಳ ಪಕ್ಕ ಅರ್ಧ ಜಾಗದ ಎಲೆ ಗುಡಿಸಿ, ಅರ್ಧ ಹಾಗೇ ಬಿಟ್ಟು ಬಿತ್ತಿ ನೋಡಬಹುದು. ಗುಡಿಸಿದ ಕಡೆಯೂ ಪೈರು ಸೊರಗಿದರೆ, ಕೇವಲ ಎಲೆಯನ್ನು ದೂರುವಂತಿಲ್ಲ. ನೀರು ಕುಡಿಯುವ ಬೇರನ್ನೂ ನೆರಳನ್ನೂ ವಿಚಾರಿಸಬೇಕು.

ಬೀಜ ಯಾವುದು ಎಂಬುದನ್ನಂತೂ ನಾವು ಕೇಳುವುದೇ ಇಲ್ಲ. ಅದೇ ಹಲಸಿನ ಮರದಡಿ, ರಾಗಿಯ ನಡುವಿನ ಅಕ್ಕಡಿ ಸಾಲಿನಲ್ಲಿ, ಅವರೆಯ ಮೊಳಕೆ ಒದ್ದೆ ಎಲೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಎದ್ದು ನಿಂತಿರುತ್ತದೆ.