ತೈಲ, ಅನಿಲದ ಕೆಲಸಕ್ಕೆ ಬಾಗಿಲು ಯಾವುದು?

ಮಧುಗಿರಿಯಿಂದ ಪಾವಗಡದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಮಿಡಿಗೇಶಿ ಹೋಬಳಿಯಲ್ಲಿ ಎಣ್ಣೆ ಎಂದರೆ ಮೊದಲು ನೆನಪಾಗುವುದು ಕಡಲೆಕಾಯಿ. ನೆಲದಡಿಯ ಎಣ್ಣೆಗೂ ಈ ಸೀಮೆಗೂ ನಂಟಿಲ್ಲ. ಕಚ್ಚಾ ತೈಲ ಹುಟ್ಟುವುದು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರ, ಸರೋವರಗಳ ತಳದಲ್ಲಿ ಪದರ ಪದರವಾಗಿ ಕೂತ ಕೆಸರಿನಲ್ಲಿ. ಮಿಡಿಗೇಶಿ, ಮಧುಗಿರಿಯ ಕೋಟೆಗಳು ನಿಂತಿರುವುದು ಅದಕ್ಕಿಂತ ಎಷ್ಟೋ ಹಳೆಯ ಕಗ್ಗಲ್ಲಿನ ಮೇಲೆ. ಹೀಗಾಗಿ ‘ಪೆಟ್ರೋಲಿಯಂ ಕೆಲಸ’ ಎಂದಾಕ್ಷಣ ಇಲ್ಲಿನ ತಂದೆ ತಾಯಿಗಳ ಕಣ್ಣ ಮುಂದೆ ಬರುವುದು ಎರಡೇ ಚಿತ್ರ: ರಸ್ತೆ ಬದಿಯ ಬಂಕು, ಇಲ್ಲವೇ ಗಲ್ಫ್ ದೇಶದ ಮರಳು. ನಡುವಿನ ದೊಡ್ಡ ಉದ್ಯಮ ಕಣ್ಣಿಗೆ ಬೀಳುವುದೇ ಇಲ್ಲ.

ಆ ಉದ್ಯಮ ತುಮಕೂರು ಜಿಲ್ಲೆಯ ನೆಲದೊಳಗೇ ಹಾದು ಹೋಗಿದೆ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ‘ಗೇಲ್’ ಸಂಸ್ಥೆ ಹಾಕಿರುವ ನೈಸರ್ಗಿಕ ಅನಿಲದ ಕೊಳವೆ ಮಾರ್ಗ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಜಿಲ್ಲೆಗಳನ್ನು ದಾಟಿ ಬರುತ್ತದೆ. 2013ರಲ್ಲಿ ಅದು ಆರಂಭವಾಯಿತು. ಕೊಳವೆ ಹೂತು ಮಣ್ಣು ಮುಚ್ಚಿದರೆ ಕೆಲಸ ಮುಗಿಯಿತು ಎಂದುಕೊಳ್ಳಬಾರದು; ನಿಜವಾದ ಕೆಲಸ ಶುರುವಾಗುವುದೇ ಆಮೇಲೆ. ಮಣ್ಣಿನ ತೇವಕ್ಕೆ ಉಕ್ಕು ತುಕ್ಕು ಹಿಡಿಯುತ್ತದೆ. ಅದನ್ನು ತಡೆಯಲು ಕೊಳವೆಗೆ ಲೇಪನ ಕೊಡುವುದಲ್ಲದೆ, ಸಣ್ಣ ಪ್ರಮಾಣದ ನೇರ ವಿದ್ಯುತ್ತನ್ನೂ ಹರಿಸುತ್ತಾರೆ. ಇದಕ್ಕೆ ಕ್ಯಾಥೋಡಿಕ್ ರಕ್ಷಣೆ ಎಂದು ಹೆಸರು. ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದಲ್ಲಿ ತುಕ್ಕಿನ ಪಾಠ ಓದಿದವರಿಗೆ ಇದರ ಗುಟ್ಟು ಕಷ್ಟವಲ್ಲ. ದಾರಿಯುದ್ದಕ್ಕೂ ವೋಲ್ಟೇಜ್ ಅಳೆದು ದಾಖಲಿಸಲು ಜನ ಬೇಕು. ಕೊಳವೆಯ ಒಳಗನ್ನು ಪರೀಕ್ಷಿಸಲು ಅನಿಲದ ಒತ್ತಡದಿಂದಲೇ ಮುಂದಕ್ಕೆ ಓಡುವ ಒಂದು ಉಪಕರಣವನ್ನು ಬಿಡುತ್ತಾರೆ. ಅದಕ್ಕೆ ಉದ್ಯಮದವರು ಇಟ್ಟಿರುವ ಹೆಸರು ‘ಪಿಗ್’, ಅಂದರೆ ಹಂದಿ! ಗೋಡೆ ಎಲ್ಲಿ ತೆಳುವಾಗಿದೆ ಎಂಬುದನ್ನು ಅದು ಬರೆದುಕೊಂಡು ಬರುತ್ತದೆ. ಆ ಬರಹವನ್ನು ಓದಲು ಕಲಿತ ಎಂಜಿನಿಯರ್ ಬೇಕು.

ರಾಜ್ಯದ ಏಕೈಕ ತೈಲ ಶುದ್ಧೀಕರಣಾಗಾರ ಮಂಗಳೂರಿನ ಎಂಆರ್‌ಪಿಎಲ್. 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದಿಂದ ಆರಂಭವಾಗಿ, 2003ರಲ್ಲಿ ಓಎನ್‌ಜಿಸಿಯ ತೆಕ್ಕೆಗೆ ಬಂದು, ಈಗ 150 ಲಕ್ಷ ಟನ್ನಿಗೆ ಬೆಳೆದಿದೆ. ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ದೇಶದ ತುರ್ತು ಬಳಕೆಗಾಗಿ ಕ್ರಮವಾಗಿ 15 ಲಕ್ಷ ಮತ್ತು 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವ ಗುಹೆಗಳನ್ನು ಬಂಡೆಯಲ್ಲಿ ಕೊರೆಯಲಾಗಿದೆ. ಸುತ್ತಲಿನ ಅಂತರ್ಜಲದ ಒತ್ತಡವೇ ತೈಲ ಸೋರದಂತೆ ನೋಡಿಕೊಳ್ಳುತ್ತದೆ. ಎಣ್ಣೆ ಹುಟ್ಟದ ಗಟ್ಟಿ ಬಂಡೆ ಎಣ್ಣೆ ಬಚ್ಚಿಡಲು ಬಂತು ನೋಡಿ. ಭೂವಿಜ್ಞಾನ ಓದಿದರೆ ಏನು ಕೆಲಸ ಎಂದು ಕೇಳುವವರಿಗೆ ಇದೂ ಒಂದು ಉತ್ತರ.

ಇಷ್ಟೆಲ್ಲ ಇದ್ದರೂ ಯುವಕರನ್ನು ಸೆಳೆಯುವುದು ಈ ಉದ್ಯಮಕ್ಕೆ ಜಗತ್ತಿನಾದ್ಯಂತ ಕಷ್ಟವಾಗಿದೆ. ಅದಕ್ಕೆ ಉದ್ಯಮವೇ ಅರ್ಧ ಕಾರಣ. 1986ರಲ್ಲಿ ತೈಲ ಬೆಲೆ ಕುಸಿದಾಗ ಕಂಪನಿಗಳು ನೇಮಕಾತಿ ನಿಲ್ಲಿಸಿದವು. ಮುಂದೆ ಹಿರಿಯರು ನಿವೃತ್ತರಾಗುವ ಹೊತ್ತಿಗೆ ಅವರ ಜಾಗಕ್ಕೆ ನಡುವಯಸ್ಸಿನವರೇ ಸಾಲದಾದರು. 2014ರಲ್ಲಿ ಪೀಪಾಯಿಗೆ 100 ಡಾಲರ್ ದಾಟಿದ್ದ ಬೆಲೆ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಬಿದ್ದಿತು. ಆಗಲೂ ಕೆಲಸ ಹೋದವರು ಅನೇಕರು. ಅಮೆರಿಕದ ಕಾಲೇಜುಗಳಲ್ಲಿ ಪೆಟ್ರೋಲಿಯಂ ಎಂಜಿನಿಯರಿಂಗ್‌ಗೆ ಸೇರುವವರೇ ಕಡಿಮೆಯಾದರು. ಬೆಲೆ ಏರಿದಾಗ ಕರೆದು, ಇಳಿದಾಗ ಕೈಬಿಡುವವರನ್ನು ಮಕ್ಕಳು ನಂಬದಿದ್ದರೆ ತಪ್ಪೇನು?

ಮಿಡಿಗೇಶಿಯ ವಿದ್ಯಾರ್ಥಿಗೆ ಇನ್ನೊಂದು ಸಂದೇಹವೂ ಸಹಜ. ಪಕ್ಕದ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಹರಡಿದೆ. ಬಿಸಿಲಿನಿಂದ ಇಷ್ಟು ವಿದ್ಯುತ್ ಬರುವಾಗ ಎಣ್ಣೆಯ ಓದು ಯಾರಿಗೆ ಬೇಕು? ಲೆಕ್ಕ ಹಾಕಿ ನೋಡಬಹುದು. ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗೆ ತರುವ ಗುರಿಯನ್ನು ಭಾರತ ಇಟ್ಟುಕೊಂಡಿರುವುದು 2070ಕ್ಕೆ. ಇಂದು ಪಿಯುಸಿಯಲ್ಲಿರುವ ಹುಡುಗಿ 22ಕ್ಕೆ ಕೆಲಸಕ್ಕೆ ಸೇರಿ 60ಕ್ಕೆ ನಿವೃತ್ತಳಾದರೆ 2060ರ ದಶಕದ ಕೊನೆ ಬಂದಿರುತ್ತದೆ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಇಂದಿಗೂ ಹೊರಗಿನಿಂದಲೇ ಬರುತ್ತಿದೆ. ಅವಳ ವೃತ್ತಿಯ ಮೊದಲರ್ಧಕ್ಕೆ ಕೆಲಸ ಖಂಡಿತ ಇದೆ. ಉಳಿದರ್ಧ ಬದಲಾವಣೆಯ ಕಾಲ.

ಆದ್ದರಿಂದ ಓದಿನ ಆಯ್ಕೆ ಇಲ್ಲಿ ಮುಖ್ಯ. ಪೆಟ್ರೋಲಿಯಂ ಎಂಜಿನಿಯರಿಂಗ್‌ಗೆ ಧನಬಾದಿನ ಐಐಟಿ (ಹಿಂದಿನ ಗಣಿ ಶಾಲೆ), ಉತ್ತರ ಪ್ರದೇಶದ ಜಾಯಸ್‌ನಲ್ಲಿರುವ ರಾಜೀವ್ ಗಾಂಧಿ ಪೆಟ್ರೋಲಿಯಂ ಸಂಸ್ಥೆ ಹೆಸರಾದವು. ಅಲ್ಲಿ ಸೀಟು ಸಿಕ್ಕಿದರೆ ಬಿಡುವುದು ಬೇಡ. ಸಿಗದಿದ್ದಾಗ ‘ಪೆಟ್ರೋಲಿಯಂ’ ಎಂಬ ಹೆಸರಿಗೆ ಮರುಳಾಗಿ ಲಕ್ಷಗಟ್ಟಲೆ ಸಾಲ ಮಾಡಿ ಎಲ್ಲೋ ಸೇರುವುದಕ್ಕಿಂತ ಕೆಮಿಕಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಇನ್‌ಸ್ಟ್ರುಮೆಂಟೇಷನ್ ಓದುವುದು ಜಾಣತನ. ಶುದ್ಧೀಕರಣಾಗಾರಗಳಿಗೆ ಬೇಕಾಗಿರುವುದು ಹೆಚ್ಚಾಗಿ ಇವರೇ. ಎಣ್ಣೆಯ ಕಾಲ ಇಳಿದರೆ ಎಥನಾಲ್, ಗೊಬ್ಬರ, ಔಷಧಿ, ಹೈಡ್ರೋಜನ್ ಕಡೆಗೂ ಹೊರಳಬಹುದು. ಕೆಮಿಕಲ್ ಎಂಜಿನಿಯರಿಂಗ್ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದಲ್ಲೇ ಇದೆ, ಸುರತ್ಕಲ್ಲಿನ ಎನ್‌ಐಟಿಕೆಯಲ್ಲೂ ಇದೆ. ಸರ್ಕಾರಿ ತೈಲ ಕಂಪನಿಗಳು ಎಂಜಿನಿಯರುಗಳನ್ನು ಕೆಲವೊಮ್ಮೆ ಗೇಟ್ ಅಂಕದಿಂದ, ಕೆಲವೊಮ್ಮೆ ತಮ್ಮದೇ ಪರೀಕ್ಷೆಯಿಂದ ಆರಿಸುತ್ತವೆ. ಆಯಾ ವರ್ಷದ ಪ್ರಕಟಣೆಯನ್ನೇ ನೋಡಬೇಕು. ಡಿಪ್ಲೊಮಾ, ಐಟಿಐ, ಬಿಎಸ್ಸಿ ರಸಾಯನಶಾಸ್ತ್ರದವರಿಗೂ ಆಪರೇಟರ್, ತಂತ್ರಜ್ಞ, ಪ್ರಯೋಗಾಲಯದ ಹುದ್ದೆಗಳಿವೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಸಹಿತ ತರಬೇತಿಯೂ ಉಂಟು. ಅದು ಕಾಯಂ ನೌಕರಿಯ ಭರವಸೆಯಲ್ಲ, ಆದರೆ ಅನುಭವದ ಪತ್ರ ಕೈಯಲ್ಲಿರುತ್ತದೆ.

ಕೆಲಸ ಸುಲಭದ್ದೇನಲ್ಲ. ಶುದ್ಧೀಕರಣಾಗಾರ ಹಬ್ಬಕ್ಕೂ ನಿಲ್ಲುವುದಿಲ್ಲ. ಪಾಳಿ ಮೂರು, ರಾತ್ರಿಯೂ ಸೇರಿ. ಮುಂಬೈನಿಂದ 160 ಕಿ.ಮೀ. ದೂರದ ಬಾಂಬೆ ಹೈನಂಥ ಸಮುದ್ರದ ನೆಲೆಗಳಲ್ಲಿ ಹದಿನಾಲ್ಕು ದಿನ ದುಡಿಮೆ, ಹದಿನಾಲ್ಕು ದಿನ ಬಿಡುವು. ಹೊಲದಲ್ಲಿ ಅಪ್ಪನಿಗೆ ಕೈ ಸೇರಿಸಲು ಈ ಬಿಡುವೇ ಒಳ್ಳೆಯದು ಎನ್ನುವವರೂ ಇರಬಹುದು. ಹೆಲಿಕಾಪ್ಟರ್ ನೀರಿಗೆ ಬಿದ್ದರೆ ಪಾರಾಗುವ ತರಬೇತಿ ಮುಗಿಸದೆ ಅಲ್ಲಿಗೆ ಕಳಿಸುವುದಿಲ್ಲ.

ವಿದೇಶದ ತೈಲ ನೆಲೆಗಳಲ್ಲಿ ಕೆಲಸ ಕೊಡಿಸುತ್ತೇವೆಂದು ಊರೂರಿಗೆ ಬರುವವರ ವಿಷಯದಲ್ಲಿ ತಂದೆ ತಾಯಿಗಳು ಎರಡು ಸಂಗತಿ ತಿಳಿದಿರಬೇಕು. ಏಜೆಂಟನಿಗೆ ವಿದೇಶಾಂಗ ಸಚಿವಾಲಯದ ಪರವಾನಗಿ ಇರಲೇಬೇಕು. ಅದರ ಸಂಖ್ಯೆಯನ್ನು ಸಚಿವಾಲಯದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ಅವನು ಪಡೆಯಬಹುದಾದ ಸೇವಾ ಶುಲ್ಕಕ್ಕೆ ನಿಯಮ ಹಾಕಿರುವ ಮಿತಿ 30,000 ರೂಪಾಯಿ, ತೆರಿಗೆ ಬೇರೆ. ಅದಕ್ಕೂ ರಸೀದಿ ಕೊಡಬೇಕು.